ಹನ್ನೊಂದನೇ ಕುಣಿಕೆ

ಪೊಲೀಸ್ ಠಾಣೆ, ಕಿಟಕಿ ಪಕ್ಕದ ಬೆಂಚು
ಗುರುವಾರ, ಮಧ್ಯಾಹ್ನ ಎರಡು ಗಂಟೆ

ನನ್ನ ಮಗಳ ಅಪ್ಪನಿಗೆ,

ನಿನಗೆ ಕೈಯಲ್ಲಿ ಪತ್ರ ಬರೆದು ಹತ್ತು ಹನ್ನೆರಡು ವರ್ಷವಾಯಿತು. ಆಗೆಲ್ಲ ‘ಪ್ರೀತಿಯ’ ಎಂದು ಶುರುಮಾಡುತ್ತಿದ್ದೆ. ಈಗ ಆ ಜಾಗಕ್ಕೆ ಏನು ಹಾಕಬೇಕೆಂದು ತುಸು ಹೊತ್ತು ಯೋಚಿಸಿ, ನಮ್ಮಿಬ್ಬರಿಗೂ ತಕರಾರಿಲ್ಲದ ಪದವನ್ನು ಹಾಕಿದ್ದೇನೆ.

ಮೊದಲು ಮಗಳ ವಿಷಯ. ಅವಳು ಕ್ಷೇಮವಾಗಿದ್ದಾಳೆ. ಹತ್ತು ನಿಮಿಷದ ಹಿಂದೆ ಇನ್ಸ್‌ಪೆಕ್ಟರ್ ಜೊತೆ ಜೀಪಿನಲ್ಲಿ ಹೋದಳು. ಯಾಕೆ, ಎಲ್ಲಿಗೆ ಎಂದು ತಿಳಿಯಲು ನೀನು ಈ ಪತ್ರವನ್ನು ಕೊನೆಯವರೆಗೆ ಓದಬೇಕು. ನನ್ನ ಫೋನು ಇನ್ಸ್‌ಪೆಕ್ಟರ್ ಮೇಜಿನ ಡ್ರಾಯರಿನಲ್ಲಿದೆ, ಮಂಗಳವಾರದ ಕರೆಗಳನ್ನು ಅವರು ನೋಡಬೇಕಂತೆ. ನನಗೆ ಇಲ್ಲಿಂದ ಕದಲುವ ಹಾಗಿಲ್ಲ. ಐದು ಗಂಟೆಯ ಬಸ್ಸಿಗೆ ನೀನು ಬಂದಿಳಿದಾಗ ಇಲ್ಲಿಯ ಮಹಿಳಾ ಪೇದೆ ಇದನ್ನು ನಿನ್ನ ಕೈಗೆ ಕೊಡುತ್ತಾರೆ. ಅವರೇ ಪೆನ್ನು ಕೊಟ್ಟವರು. ಹಾಳೆಗಳು ನನ್ನ ಬ್ಯಾಗಿನಲ್ಲಿದ್ದವು. ತಿರುಗಿಸಿ ನೋಡಿದರೆ ಕಿವಿ ಪರೀಕ್ಷೆಯ ಗೆರೆಗಳು ಕಾಣುತ್ತವೆ, ಅದಕ್ಕೆ ಗಾಬರಿಯಾಗಬೇಡ.

ಶಾಲೆಯಲ್ಲಿ ನಾನು ಪತ್ರ ಬರೆಯಲು ಕಲಿತದ್ದು ಬೇರೆ ಭಾಷೆಯಲ್ಲಿ. ಅದರಲ್ಲಿ ತಪ್ಪೊಪ್ಪಿಕೊಳ್ಳುವುದು ಸಲೀಸು, ಒಂದು ‘ಸಾರಿ’ ಅಂದರೆ ಸಾಲು ಮುಗಿಯುತ್ತದೆ. ನಮ್ಮ ಜಗಳಗಳನ್ನೂ ಹೆಚ್ಚಾಗಿ ಅದರಲ್ಲೇ ಆಡಿದೆವು. ಇದನ್ನು ಅಮ್ಮನ ಭಾಷೆಯಲ್ಲಿ ಬರೆಯುತ್ತೇನೆ. ಇದರಲ್ಲಿ ನನಗೆ ಅಡ್ಡದಾರಿಗಳು ಅಷ್ಟಾಗಿ ಗೊತ್ತಿಲ್ಲ.

ಬುಗುರಿ ಇನ್ನೂ ಸಿಕ್ಕಿಲ್ಲ. ಟಿವಿಯವರು ಅವಳ ಪೂರ್ತಿ ಹೆಸರು ಹೇಳುತ್ತಾರೆ, ಫೋಟೋ ತೋರಿಸುತ್ತಾರೆ. ಆ ಹೆಸರು ಕೇಳಿದರೆ ನಮಗೇ ಯಾರೋ ದೊಡ್ಡ ಹೆಂಗಸು ಅನ್ನಿಸುತ್ತದೆ. ನಮ್ಮ ಓಣಿಗೆ ಅವಳು ಬುಗುರಿ. ಏಳು ವರ್ಷ, ಒಂದು ಕಡೆ ನಿಂತವಳಲ್ಲ. ಎದುರು ಮನೆಯ ಹೊಲಿಗೆಯವಳ ಒಬ್ಬಳೇ ಮಗಳು. ನೀನು ಇದ್ದಾಗ ಅವಳಿನ್ನೂ ಗೋಡೆ ಹಿಡಿದು ಮೆಟ್ಟಿಲು ಇಳಿಯುತ್ತಿದ್ದಳು. ಅವಳು ಕಾಣೆಯಾಗಿ ನಲವತ್ತಾರು ಗಂಟೆ ಆಯಿತು.

ನೀನು ಫೋನಿನಲ್ಲಿ ಮೂರು ಸಲ ಕೇಳಿದೆ, ಅವಳನ್ನು ಕೊನೆಗೆ ನೋಡಿದ್ದು ಎಲ್ಲಿ ಎಂದು. ಮೂರು ಸಲವೂ ನಾನು ಪೊಲೀಸರಿಗೆ ಹೇಳಿದ್ದನ್ನೇ ಹೇಳಿದೆ: ಹದಿಮೂರು ಮಕ್ಕಳೂ ಓಣಿಯ ಬಾಯಿಗೆ ಬಂದರು, ಅಲ್ಲಿಂದ ಅವರವರ ಮನೆಗೆ ಓಡಿದರು. ಅದು ಸುಳ್ಳು. ಹೇಗೆ ಸುಳ್ಳು ಎಂದು ಹೇಳಬೇಕಾದರೆ ಹಗ್ಗದ ಕಥೆಯಿಂದ ಶುರುಮಾಡಬೇಕು. ಅದು ನೀನು ಊರು ಬಿಟ್ಟ ಮೇಲೆ ಬಂದ ಏರ್ಪಾಡು.

ಕಳೆದ ವರ್ಷ ಮಕ್ಕಳನ್ನು ಹಿಡಿದುಕೊಂಡು ಹೋಗುವವರು ಬಂದಿದ್ದಾರೆ ಎಂದು ಊರಲ್ಲೆಲ್ಲ ಗಾಳಿಮಾತು ಹಬ್ಬಿತ್ತು. ಯಾರ ಮಗುವೂ ಕಾಣೆಯಾಗಿರಲಿಲ್ಲ, ಆದರೂ ಓಣಿಯ ತಾಯಂದಿರಿಗೆ ನಿದ್ದೆ ಇರಲಿಲ್ಲ. ಆಗ ಒಂದು ದಪ್ಪ ನೂಲಿನ ಹಗ್ಗ ತಂದೆವು. ಬುಗುರಿಯ ಅಮ್ಮ ಅದಕ್ಕೆ ಹದಿಮೂರು ಕುಣಿಕೆ ಹೊಲಿದು, ಒಂದೊಂದಕ್ಕೆ ಒಂದೊಂದು ಬಣ್ಣದ ಬಟ್ಟೆ ಸುತ್ತಿದಳು. ಓಣಿಯ ಹದಿಮೂರು ಮಕ್ಕಳೂ ತಮ್ಮ ತಮ್ಮ ಕುಣಿಕೆ ಹಿಡಿದು ಸಾಲಾಗಿ ಶಾಲೆಗೆ ಹೋಗಬೇಕು, ಸಾಲಾಗಿ ಬರಬೇಕು. ದಿನಕ್ಕೊಬ್ಬ ತಾಯಿ ಹಗ್ಗದ ತಲೆ ಹಿಡಿಯುತ್ತಾಳೆ. ಬೆಳಿಗ್ಗೆ ಎದ್ದರೆ ಓಣಿಯಲ್ಲಿ ಕೇಳುವ ಮೊದಲ ಮಾತೇ ಅದು: “ಇವತ್ತು ಹಗ್ಗ ಯಾರದು?”

ಪ್ರತಿ ಕುಣಿಕೆಗೂ ಒಂದು ಸಂಖ್ಯೆ. ನಮ್ಮವಳು ಐದು. ಬುಗುರಿ ಹನ್ನೊಂದು. ಶಾಲೆಯ ಗೇಟಿನಲ್ಲಿ, ದೊಡ್ಡ ರಸ್ತೆ ದಾಟುವಲ್ಲಿ, ಓಣಿಯ ಬಾಯಲ್ಲಿ, ಹೀಗೆ ಮೂರು ಕಡೆ ನಿಂತು ಮಕ್ಕಳು ತಮ್ಮ ತಮ್ಮ ಸಂಖ್ಯೆ ಕೂಗಬೇಕು. ಹದಿಮೂರು ಅಂದ ಮೇಲೆಯೇ ಹಗ್ಗ ಮುಂದೆ ಹೋಗುವುದು.

ಇನ್ನೊಂದು ನಿಯಮವೂ ಇತ್ತು. ಅದನ್ನು ಮಾಡಿದವಳು ನಾನೇ. ಮಕ್ಕಳ ಹೆಸರು ಬ್ಯಾಗಿನ ಮೇಲೆ, ನೀರಿನ ಬಾಟಲಿಯ ಮೇಲೆ ಬರೆದಿರುತ್ತದೆ, ಯಾರು ಬೇಕಾದರೂ ಓದಿ ಕರೆಯಬಹುದು. ಆದ್ದರಿಂದ ಹೊರಗೆ ಯಾರಾದರೂ ಹೆಸರು ಹಿಡಿದು ಕರೆದರೆ ಓಗೊಡಬಾರದು, ಅಡಗಿಕೊಳ್ಳಬೇಕು. ನಮ್ಮ ಎಣಿಕೆ ಕೇಳಿಸಿದರೆ ಮಾತ್ರ ತಮ್ಮ ಸಂಖ್ಯೆ ಕೂಗಬೇಕು. ಸಂಖ್ಯೆಯನ್ನು ಹೊರಗಿನವರಿಗೆ ಹೇಳಬಾರದು. ಮೀಟಿಂಗಿನಲ್ಲಿ ಇದನ್ನು ಹೇಳಿದಾಗ ಚಪ್ಪಾಳೆ ಬಿತ್ತು. ನಮ್ಮ ಕಟ್ಟಡದ ಸೆಕ್ರೆಟರಿ ಇದ್ದಾರಲ್ಲ, ನೀನೇ ‘ಮೈಕ್ ಮಾವ’ ಎಂದು ಹೆಸರಿಟ್ಟವರು, “ಕಿವಿ ಡಾಕ್ಟರ್ ಅಂದ್ರೆ ಸುಮ್ನೇನಾ” ಎಂದರು. ನಾನು ಡಾಕ್ಟರ್ ಅಲ್ಲ, ಕಿವಿ ಪರೀಕ್ಷೆ ಮಾಡುವವಳು ಎಂದು ಎಷ್ಟು ಸಲ ಹೇಳಿದರೂ ಅವರು ಕೇಳುವುದಿಲ್ಲ. ಆ ದಿನ ನಾನು ತಿದ್ದಲೂ ಇಲ್ಲ.

ಹಗ್ಗವನ್ನು ನೋಡಿ ಹಾವೆಂದು ಹೆದರಿದವರ ಕಥೆ ಎಲ್ಲರಿಗೂ ಗೊತ್ತು. ನಾವು ಹಾವಿಗೆ ಹೆದರಿ ಹಗ್ಗವನ್ನು ನಂಬಿದೆವು.

ಮಂಗಳವಾರ ಹಗ್ಗ ನನ್ನದು. ಗೇಟಿನಲ್ಲಿ ತಲೆ ಮುಟ್ಟಿ ಎಣಿಸಿದೆ, ಹದಿಮೂರು. ಅಲ್ಲಿಂದ ಇಪ್ಪತ್ತು ಹೆಜ್ಜೆ ಬರುವಷ್ಟರಲ್ಲಿ ನಿನ್ನ ಫೋನು ಬಂತು. ಮಾತು ಏನಿತ್ತೆಂದು ನಿನಗೆ ಗೊತ್ತಿದೆ. ಮುಂದಿನ ವರ್ಷದಿಂದ ಮಗಳು ನಿನ್ನ ಜೊತೆ ಇರಲಿ, ನಿನ್ನ ಊರಿನ ಶಾಲೆ ಒಳ್ಳೆಯದು, ನನ್ನ ಕೆಲಸದ ನಡುವೆ ಅವಳನ್ನು ನೋಡಿಕೊಳ್ಳುವವರು ಯಾರು ಎಂದೆ ನೀನು. ನಾನು ಎಡಗೈಯಲ್ಲಿ ಹಗ್ಗ, ಬಲಗೈಯಲ್ಲಿ ಫೋನು ಹಿಡಿದು, ಮಕ್ಕಳಿಗೆ ಕೇಳಿಸಬಾರದೆಂದು ಹಲ್ಲು ಕಚ್ಚಿಕೊಂಡು ಮಾತಾಡುತ್ತಾ ನಡೆದೆ. ಗೇಟಿನಿಂದ ಓಣಿಗೆ ಇಪ್ಪತ್ತೆರಡು ನಿಮಿಷ. ನಮ್ಮ ಕರೆ ಇಪ್ಪತ್ತಮೂರು ನಿಮಿಷ. ಇನ್ಸ್‌ಪೆಕ್ಟರ್ ಹೊರಡುವ ಮೊದಲು ಅದನ್ನು ಓದಿ ಹೇಳಿದರು.

ದೊಡ್ಡ ರಸ್ತೆಯಲ್ಲಿ ಎಣಿಕೆ ನಡೆಯಿತು, ಓಣಿಯ ಬಾಯಲ್ಲೂ ನಡೆಯಿತು. ಎರಡು ಸಲವೂ ನಾನು ತಿರುಗಿ ನೋಡಲಿಲ್ಲ, ಕಿವಿಯಲ್ಲೇ ಎಣಿಸಿದೆ. ನಡುವೆ ನೀನು ಏನೋ ಕೇಳಿದೆ, ಮಾತು ಬದಲಿಸಬೇಡ ಎಂದೆ ನಾನು. ಹದಿಮೂರನೆಯ ಧ್ವನಿ ಬಂತು. ಹಗ್ಗ ಬಿಟ್ಟೆ. ಮಕ್ಕಳು ಚೆಲ್ಲಾಪಿಲ್ಲಿಯಾಗಿ ಓಡಿದರು. ನಾನು ಅಲ್ಲೇ ನಿಂತು, ಇನ್ನೊಂದು ನಿಮಿಷ ನಿನ್ನ ಜೊತೆ ಜಗಳ ಮುಗಿಸಿದೆ.

ಐದು ಗಂಟೆಗೆ ಬುಗುರಿಯ ಅಮ್ಮ ಬಾಗಿಲು ತಟ್ಟಿದಳು. ಕತ್ತರಿ ಕೈಯಲ್ಲೇ ಇತ್ತು, ಕೆಲಸದ ನಡುವೆ ಎದ್ದು ಬಂದವಳು. “ನಮ್ಮವಳು ನಿಮ್ಮನೇಲೇ ಆಡ್ತಾ ಇದ್ದಾಳಾ? ಬಂದಿದ್ದೇ ಕಾಣ್ಲಿಲ್ಲ” ಎಂದಳು. ಮಗಳು ಮಂಚದ ಮೇಲೆ ಗೋಡೆಗೆ ತಿರುಗಿ ಮಲಗಿದ್ದಳು. ತಲೆನೋವಂತೆ. ನಾನು ಅದನ್ನು ನಂಬಿದೆ.

ಆರು ಗಂಟೆಗೆ ಓಣಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಪೊಲೀಸರು ಬಂದರು, ನನ್ನನ್ನು ನಿಲ್ಲಿಸಿ ಕೇಳಿದರು. ಹದಿಮೂರು ಅಂದೆ. ಆಗ ಓಣಿಯ ಬಾಯಲ್ಲಿ ಕೊಡೆ ರಿಪೇರಿ ಅಂಗಡಿ ಇಟ್ಟುಕೊಂಡಿರುವವನು ಗುಂಪಿನ ಹಿಂದಿನಿಂದ ಕೈ ಎತ್ತಿದ. ಅವನು ಬಂದು ಎಂಟು ತಿಂಗಳಾಯಿತು, ನೀನು ನೋಡಿಲ್ಲ. ಒಬ್ಬನೇ ಇರುತ್ತಾನೆ. ಮುರಿದ ಕೊಡೆಕಡ್ಡಿಗಳಿಂದ ಮಕ್ಕಳ ಕೂದಲ ಕ್ಲಿಪ್ಪಿಗೆ ಸ್ಪ್ರಿಂಗ್ ಹಾಕಿಕೊಡುತ್ತಾನೆ. ಅವನು ಮೆಲ್ಲಗೆ, “ಸಾರ್, ಹನ್ನೊಂದು ಬರ್ಲೇ ಇಲ್ಲ. ಹಗ್ಗದಲ್ಲಿ ಹನ್ನೊಂದು ಇರ್ಲಿಲ್ಲ” ಎಂದ.

  ಗುಂಪಿನಲ್ಲಿ ಯಾರೋ ಕೇಳಿದರು, “ನಂಬರ್ ಹೆಂಗ್ ಗೊತ್ತು ನಿಂಗೆ?”

ಅವನಿಗೆ ಪ್ರಶ್ನೆ ಅರ್ಥವಾಗಲಿಲ್ಲ. “ದಿನಾ ಕೇಳ್ತೀನಲ್ಲ. ಅಂಗಡಿ ಮುಂದೇನೇ ಎಣಿಸ್ತಾರೆ” ಎಂದ. ಹೊರಗಿನವರಿಗೆ ಗೊತ್ತಿರಬಾರದ ಸಂಖ್ಯೆ ಅವನಿಗೆ ಗೊತ್ತಿತ್ತು. ಅಷ್ಟು ಸಾಕಾಯಿತು. ಮೈಕ್ ಮಾವ ನನ್ನ ಕಡೆ ತಿರುಗಿ, “ನೀವೇ ಹೇಳಿ ಮೇಡಂ, ಎಣಿಸಿದ್ದು ನೀವು. ಹನ್ನೊಂದು ಇತ್ತೋ ಇಲ್ವೋ?” ಎಂದರು. ನೂರು ಮುಖಗಳು ನನ್ನ ಕಡೆ ತಿರುಗಿದವು. ಅವುಗಳ ನಡುವೆ ಹೊಲಿಗೆಯವಳ ಮುಖ.

“ಇತ್ತು” ಅಂದೆ.

ಯಾಕೆ ಹಾಗೆ ಅಂದೆ? ಎರಡು ದಿನದಿಂದ ಇದನ್ನೇ ಕೇಳಿಕೊಳ್ಳುತ್ತಿದ್ದೇನೆ. ನನ್ನ ಕೈಯಿಂದ ಒಂದು ಮಗು ಜಾರಿಹೋಯಿತು ಎಂದರೆ ನಿನ್ನ ವಕೀಲರಿಗೆ ಬೇರೆ ಮಾತೇ ಬೇಕಿಲ್ಲ. ನಿಂತ ನಿಲುವಿನಲ್ಲಿ ನನಗೆ ಹೊಳೆದದ್ದು ಅದು. ಎದುರಿಗೆ ಮಗು ಕಳೆದುಕೊಂಡ ತಾಯಿ ನಿಂತಿದ್ದಾಗ ನಾನು ನನ್ನ ಮಗುವನ್ನು ಕಳೆದುಕೊಳ್ಳುವ ಲೆಕ್ಕ ಹಾಕುತ್ತಿದ್ದೆ. ಇದನ್ನು ಬೇರೆ ಯಾವ ರೀತಿಯಲ್ಲಿ ಬರೆದರೂ ಚೆನ್ನಾಗಿ ಕಾಣುವುದಿಲ್ಲ.

ಬುಧವಾರ ಬೆಳಗಾಗುವಷ್ಟರಲ್ಲಿ ಓಣಿ ನಮ್ಮದಾಗಿ ಉಳಿದಿರಲಿಲ್ಲ. ಟಿವಿಯ ಮೂರು ವ್ಯಾನು. ಎಲ್ಲೆಲ್ಲಿಂದಲೋ ಬಂದ ಸ್ವಯಂಸೇವಕರು, ಒಂದೇ ಬಣ್ಣದ ಜಾಕೆಟ್ಟು. ‘ಹಗ್ಗ’ ಎಂಬ ಹೆಸರಿನ ನಮ್ಮ ಹನ್ನೆರಡು ಜನರ ಫೋನ್ ಗುಂಪಿಗೆ ಯಾರು ಯಾರನ್ನು ಸೇರಿಸಿದರೋ, ಮಧ್ಯಾಹ್ನಕ್ಕೆ ನಾನೂರು ಜನ. ಒಬ್ಬರು ಬಿಳಿ ವ್ಯಾನು ನೋಡಿದ್ದೇನೆ ಎಂದರು, ಇನ್ನೊಬ್ಬರ ಬಾಯಲ್ಲಿ ಅದು ನೀಲಿಯಾಯಿತು, ಸಂಜೆಯ ಹೊತ್ತಿಗೆ ಅದರೊಳಗೆ ಬುಗುರಿ ಕೂತು ಅಳುತ್ತಿದ್ದಳು. ನಾಲಿಗೆಗೆ ಎಲುಬಿಲ್ಲ ಅನ್ನುವುದು ಕೇಳಿದ್ದೆ, ಹೆಬ್ಬೆರಳಿಗೂ ಇಲ್ಲ ಎಂದು ಈಗ ಗೊತ್ತಾಯಿತು. ನಮ್ಮ ಮೆಟ್ಟಿಲ ಮೇಲೆ ಗುರುತಿಲ್ಲದ ಇಬ್ಬರು ಹೆಂಗಸರು ಕೂತಿದ್ದರು. ಬುಗುರಿಯ ಅಮ್ಮನನ್ನು ಟಿವಿಯಲ್ಲಿ ನೋಡಿದರಂತೆ. “ಕಣ್ಣಲ್ಲಿ ಒಂದ್ ಹನಿ ನೀರಿಲ್ಲ ನೋಡ್ರಿ. ಹೆತ್ತವಳಾ ಅವಳು?” ಎಂದು ಒಬ್ಬಳು. “ಏನೋ ಇದೆ ಬಿಡಿ ಒಳಗೆ” ಎಂದು ಇನ್ನೊಬ್ಬಳು. ಬೆಳಿಗ್ಗೆ ಅವಳು ಅತ್ತಾಗ ನಾಟಕ ಎಂದವರೂ ಇದ್ದರು.

ಒಳಗೆ ಏನೋ ಇದ್ದದ್ದು ನಿಜ. ಮಧ್ಯಾಹ್ನ ನಾನು ಬ್ರೆಡ್ಡು ತೆಗೆದುಕೊಂಡು ಹೋದಾಗ ಅವಳು ಮಿಷನ್ನಿನ ಮುಂದೆ ಕೂತು, ಯಾರದೋ ತೋಳಿನ ಬಟ್ಟೆಯನ್ನು ಗೇಣಿನಲ್ಲಿ ಅಳೆಯುತ್ತಿದ್ದಳು. ಹೊಲಿಯಲಿಕ್ಕಲ್ಲ, ಸುಮ್ಮನೆ, ಮತ್ತೆ ಮತ್ತೆ. ಬಾಗಿಲು ಹಾಕಿಸಿ ಹೇಳಿದಳು. ಅಳತೆ ಟೇಪನ್ನು ಬುಗುರಿ ಕಳೆದ ವಾರ ಆಟಕ್ಕೆ ತೆಗೆದುಕೊಂಡು ಹೋಗಿ ಕಳೆದಿದ್ದಳಂತೆ. “ಮಂಗಳವಾರ ಬೆಳಿಗ್ಗೆ ಬೈದೆ. ಟೇಪ್ ಸಿಗೋವರೆಗೂ ಮನೆಗ್ ಬರ್ಬೇಡ ಅಂದ್ಬಿಟ್ಟೆ. ಬಾಯಿಗೆ ಬಂದಿದ್ದು. ಬರ್ಲೇ ಇಲ್ಲ ನೋಡಿ. ಪೊಲೀಸ್ರಿಗೆ ಹೇಳ್ಲಿಲ್ಲ ನಾನು. ಹೇಳಿದ್ರೆ ಇವ್ರೆಲ್ಲ ನನ್ನೇ ತಿಂದು ಹಾಕ್ತಾರೆ.”

ಅವಳ ಬೆನ್ನು ಸವರಿದೆ. ಮಾತಿಗೆ ಯಾರಾದರೂ ಮನೆ ಬಿಡುತ್ತಾರಾ, ಹದಿಮೂರು ಮಕ್ಕಳೂ ಬಂದದ್ದನ್ನು ನಾನೇ ಕೇಳಿದ್ದೇನೆ ಎಂದೆ. ಅವಳಿಗೆ ಅದರಿಂದ ಸಮಾಧಾನವಾಯಿತು. ಆ ಸಮಾಧಾನವನ್ನು ನೋಡಲಾರದೆ ಬ್ರೆಡ್ಡು ಅಲ್ಲೇ ಇಟ್ಟು ಎದ್ದು ಬಂದೆ.

ಅದೇ ಸಂಜೆ ಕೊಡೆಯವನ ಅಂಗಡಿಯಲ್ಲಿ ಒಂದು ತಗಡಿನ ಡಬ್ಬಿ ಸಿಕ್ಕಿತು. ಅದರಲ್ಲಿ ರಿಪೇರಿಗೆ ಕೊಟ್ಟ ಏಳು ಕ್ಲಿಪ್ಪು. ಒಂದು ಬುಗುರಿಯದು, ಕೆಂಪು. ಇನ್ನೊಂದು ನಮ್ಮವಳದೇ, ನಾನೇ ಕೊಟ್ಟಿದ್ದು. ಯಾರೂ ಉಳಿದ ಆರರ ಬಗ್ಗೆ ಕೇಳಲಿಲ್ಲ. ನಾನು ಮೇಲಿನ ಕಿಟಕಿಯಲ್ಲಿ ನಿಂತಿದ್ದೆ. ಅವನನ್ನು ರಸ್ತೆಗೆ ಎಳೆದು ಹೊಡೆದವರಲ್ಲಿ ಹೊರಗಿನವರು ಕಡಿಮೆ. ನಮಗೆ ಹಾಲು ಕೊಡುವವನು, ಮೂರನೇ ಮಹಡಿಯ ಲೆಕ್ಕದ ಮೇಷ್ಟ್ರು, ಹತ್ತನೇ ಕುಣಿಕೆಯ ಅಪ್ಪ. ಅವರ ಮುಖ ಸಿಟ್ಟಿನ ಮುಖವಾಗಿರಲಿಲ್ಲ, ಅದು ನನ್ನನ್ನು ಹೆದರಿಸಿತು. ಏನೋ ಬಿಡುಗಡೆ ಸಿಕ್ಕಿದವರ ಹಾಗಿದ್ದರು. ಪೊಲೀಸರು ಅವನನ್ನು ಎಳೆದುಕೊಂಡು ಜೀಪಿಗೆ ಹಾಕಿದಾಗ ಅವನ ಎಡಗಿವಿಯಿಂದ ರಕ್ತ ಬರುತ್ತಿತ್ತು. ಮುರಿದ ಕೊಡೆಗಳು ರಸ್ತೆಯಲ್ಲಿ ಬಿದ್ದಿದ್ದವು. ಜನ ಅವನ್ನು ದಾಟಿಕೊಂಡು ಓಡಾಡಿದರು.

ಆ ಸಂಜೆಯೇ ಮೈಕ್ ಮಾವ ಸ್ವಯಂಸೇವಕರನ್ನು ಕರೆದುಕೊಂಡು ದೊಡ್ಡ ರಸ್ತೆಯವರೆಗೂ ಧ್ವನಿವರ್ಧಕ ಹಿಡಿದು ಒಂದು ಸುತ್ತು ಹೊಡೆದರು. ಬುಗುರಿಯ ಪೂರ್ತಿ ಹೆಸರು ಕೂಗಿದರು. ಶಾಸ್ತ್ರಕ್ಕೆ ಒಂದು ಸುತ್ತು. ಮಗು ಓಣಿಗೆ ಬಂದಿದ್ದು ಖಚಿತವಾಗಿರುವಾಗ ಅಲ್ಲಿ ಹುಡುಕುವುದೇನಿದೆ?

ಇವತ್ತು ಬೆಳಿಗ್ಗೆ ಕೆಲಸಕ್ಕೆ ಹೋದೆ. ಕ್ಲಿನಿಕ್ಕಿನಲ್ಲಿ ನನ್ನ ಕೋಣೆ ನಿನಗೆ ನೆನಪಿದೆಯಲ್ಲ, ಹೊರಗಿನ ಒಂದು ಪಿಸುಮಾತೂ ಒಳಗೆ ಬಾರದ ಕೋಣೆ. ಅಲ್ಲಿ ಸ್ವಲ್ಪ ಹೊತ್ತು ಬಾಗಿಲು ಹಾಕಿಕೊಂಡು ಕೂರಬೇಕೆಂದಿದ್ದೆ. ಹನ್ನೊಂದು ಗಂಟೆಗೆ ಒಬ್ಬ ಪೇದೆ ಕೊಡೆಯವನನ್ನು ಕರೆದುಕೊಂಡು ಬಂದ. ಎಡಗಿವಿ ಕೇಳಿಸುತ್ತಿಲ್ಲ, ಪರೀಕ್ಷೆ ಮಾಡಿ ಬರೆದುಕೊಡಬೇಕಂತೆ.

ಅವನ ತಲೆಗೆ ಹೆಡ್‌ಫೋನು ಹಾಕಿ, ದಿನಕ್ಕೆ ಇಪ್ಪತ್ತು ಸಲ ಹೇಳುವ ಮಾತುಗಳನ್ನೇ ಹೇಳಿದೆ. ಶಬ್ದ ಎಷ್ಟೇ ಸಣ್ಣದಿರಲಿ, ಕೇಳಿಸಿದ ಕೂಡಲೇ ಗುಂಡಿ ಒತ್ತಿ. ಕೇಳಿಸದಿದ್ದರೆ ಒತ್ತಬೇಡಿ. ಊಹೆ ಮಾಡಬೇಡಿ. ಗಾಜಿನ ಈಚೆ ಬಂದು ಕೂತೆ. ಕೆಲವರು ಕೇಳಿಸದಿದ್ದರೂ ಒತ್ತುತ್ತಾರೆ, ಆದ್ದರಿಂದ ನಡುನಡುವೆ ಶಬ್ದವೇ ಇಲ್ಲದೆ ಸುಮ್ಮನಿದ್ದು ನೋಡುತ್ತೇವೆ. ಅವನು ಒಂದು ಸಲವೂ ಸುಳ್ಳಿಗೆ ಒತ್ತಲಿಲ್ಲ. ಬಲಗಿವಿ ಹದಿನಾರರ ಹುಡುಗನದರಂತೆ ಇದೆ. ಎಡಗಿವಿಯ ತಮಟೆ ಹರಿದಿದೆ.

ಹೆಡ್‌ಫೋನು ತೆಗೆಯುವಾಗ ಅವನು ಹೇಳಿದ: “ಮೇಡಂ, ಒಂದ್ ಮಾತು ಕೇಳ್ಲಾ? ಅವತ್ತು ಹನ್ನೊಂದು ಅಂದಿದ್ದು ನಿಮ್ ಪಾಪು ಅಲ್ವಾ? ಐದೂ ಅವಳೇ, ಹನ್ನೊಂದೂ ಅವಳೇ ಅಂತ ನಂಗೆ ಕೇಳಿಸ್ತು. ಎರಡ್ ದಿನದಿಂದ ಅದೇ ಯೋಚ್ನೆ. ನನ್ ಕಿವಿ ಆಗ್ಲೇ ಕೆಟ್ಟಿತ್ತೇನೋ, ಸ್ವಲ್ಪ ನೋಡಿ ಹೇಳಿ.”

ಅವನ ಮಾತಿನಲ್ಲಿ ಕೊಂಕು ಇರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕಿತ್ತು ಅವನಿಗೆ. ಬಾಗಿಲಲ್ಲಿ ಪೇದೆ ಆಕಳಿಸುತ್ತಿದ್ದ.

“ಬಲಗಿವಿ ಚೆನ್ನಾಗಿದೆ” ಎಂದೆ.

“ಹಾಗಾದ್ರೆ ಸರಿಯಾಗೇ ಕೇಳ್ಸಿದೆ” ಎಂದು ಎದ್ದ.

ಆಗಲೇ ಓಡಿ ಬಂದೆ ಎಂದು ಬರೆಯಬೇಕೆನ್ನಿಸುತ್ತದೆ. ಇಲ್ಲ. ಹೆಡ್‌ಫೋನು ಒರೆಸಿ ಇಟ್ಟೆ. ವರದಿ ಬರೆದು ಸಹಿ ಮಾಡಿದೆ. ಮುಂದಿನ ಅಜ್ಜನನ್ನು ಕರೆದು ಪರೀಕ್ಷೆ ಮಾಡಿದೆ. ಅಜ್ಜ ಕೇಳಿಸದಿದ್ದರೂ ಗುಂಡಿ ಒತ್ತುತ್ತಲೇ ಇದ್ದ. ಗಾಜಿನ ಮೇಲೆ ಕೆಂಪು ದೀಪ ಹತ್ತುತ್ತಿತ್ತು, ಒಳಗೆ ಶಬ್ದವೇ ಇರಲಿಲ್ಲ. ಆ ದೀಪವನ್ನು ಒಂದಷ್ಟು ಹೊತ್ತು ನೋಡಿದೆ. ಅರ್ಧಕ್ಕೇ ಎದ್ದು ಮನೆಗೆ ನಡೆದೆ.

ಶಾಲೆಗೆ ರಜೆ ಕೊಟ್ಟಿದ್ದಾರೆ. ಮಗಳು ಮಂಚದ ಕೆಳಗೆ ಕೂತು ಚಿತ್ರ ಬರೆಯುತ್ತಿದ್ದಳು. ನಾನೂ ನೆಲದ ಮೇಲೆ ಮಲಗಿ, ಮಂಚದ ಕೆಳಗೆ ಮುಖ ಹಾಕಿ, ಹನ್ನೊಂದು ಯಾರು ಅಂದದ್ದು ಎಂದು ಕೇಳಿದೆ. ಅವಳು ಪೆನ್ಸಿಲು ಇಟ್ಟಳು. “ಹೇಳಿದ್ರೆ ನನ್ನನ್ನೂ ಕೊಡೆ ಅಂಕಲ್ ತರ ಹೊಡೀತಾರಾ?” ಎಂದಳು.

ನಿನ್ನೆ ಸಂಜೆಯಿಂದ ನಮ್ಮ ಮಗಳು ಈ ಪ್ರಶ್ನೆಯನ್ನು ಬಾಯಲ್ಲಿ ಇಟ್ಟುಕೊಂಡು ಕೂತಿದ್ದಳು. ಅದೇ ಮನೆಯಲ್ಲಿ, ಅದೇ ಪ್ರಶ್ನೆಯನ್ನು ಇಟ್ಟುಕೊಂಡು ನಾನೂ ಕೂತಿದ್ದೆ.

ಅವಳು ಹೇಳಿದ್ದು ಇಷ್ಟು. ಶಾಲೆಗೂ ದೊಡ್ಡ ರಸ್ತೆಗೂ ನಡುವೆ ಮರ ಕೊಯ್ಯುವ ಸಾಮಿಲ್ ಇದೆಯಲ್ಲ, ಕಳೆದ ವಾರ ಅಲ್ಲಿ ಲಾರಿ ಹೊರಬರುವವರೆಗೆ ಹಗ್ಗ ಕಾದು ನಿಂತಿತ್ತು. ಬೇಲಿಯ ಸಂದಿಯಿಂದ ಕೈ ಹಾಕಿ ಬುಗುರಿ ದಿಮ್ಮಿಗಳನ್ನು ಅಳೆಯುತ್ತಿದ್ದಳು. ಟೇಪು ಜಾರಿ ಒಳಗೆ ಬಿತ್ತು. ಮಂಗಳವಾರ ಅದೇ ಬೇಲಿಯ ಹತ್ತಿರ ಅವಳು ಕುಣಿಕೆ ಬಿಟ್ಟು, ನಮ್ಮವಳ ಕಿವಿಯಲ್ಲಿ ಹೇಳಿದಳಂತೆ: “ಟೇಪ್ ತಗೊಂಡು ಓಡಿ ಬರ್ತೀನಿ. ನಂದೂ ನೀನೇ ಹೇಳು. ನಿಮ್ಮಮ್ಮ ಫೋನಲ್ಲಿದ್ದಾರೆ, ಗೊತ್ತಾಗಲ್ಲ.”

ಗೊತ್ತಾಗಲ್ಲ ಎಂದು ಏಳು ವರ್ಷದ ಮಗುವಿಗೆ ಗೊತ್ತಿತ್ತು.

ಮಗಳನ್ನು ಎಳೆದುಕೊಂಡು ಠಾಣೆಗೆ ಓಡಿಬಂದೆ. ಇನ್ಸ್‌ಪೆಕ್ಟರ್ ಎಲ್ಲ ಕೇಳಿ, “ಎರಡು ದಿನ, ಮೇಡಂ” ಎಂದರು. ಅಷ್ಟೇ. ಗದರಿದ್ದರೆ ಒಳ್ಳೆಯದಿತ್ತು. ಬಾಗಿಲಿನಲ್ಲಿ ಬುಗುರಿಯ ಅಮ್ಮ ನಿಂತಿದ್ದಳು, ಯಾವಾಗ ಬಂದಳೋ. ಅವಳು ನನ್ನ ಮುಖ ನೋಡಲಿಲ್ಲ. ಇನ್ಸ್‌ಪೆಕ್ಟರ್ ಕಡೆ ನೋಡಿ, ಟೇಪಿನ ಮಾತನ್ನು ತಾನೇ ಹೇಳಿದಳು.

ಅವರು ಜೀಪಿಗೆ ಹೊರಟಾಗ ನನಗೆ ಇನ್ನೊಂದು ನೆನಪಾಯಿತು. ಅದು ನೆನಪಾದಾಗ ಆದದ್ದು ಭಯವೆಂದರೆ, ಅಲ್ಲಿಯವರೆಗಿನದಕ್ಕೆ ಬೇರೆ ಹೆಸರು ಇಡಬೇಕು. ನಿನ್ನೆ ಸಂಜೆ ಧ್ವನಿವರ್ಧಕದವರು ಆ ಸಾಮಿಲ್ ಬೇಲಿಯ ಪಕ್ಕದಲ್ಲೇ ಅವಳ ಹೆಸರು ಕೂಗುತ್ತಾ ಹೋಗಿದ್ದಾರೆ. ಗಂಡಸಿನ ಧ್ವನಿ, ಕಬ್ಬಿಣದ ಬಾಯಿ. ಹೆಸರು ಹಿಡಿದು ಕರೆದರೆ ಓಗೊಡಬೇಡ, ಅಡಗಿಕೋ ಎಂದು ಅವಳಿಗೆ ಕಲಿಸಿದವಳು ನಾನು. ಬುಗುರಿ ಬೇರೆ ಯಾವ ಮಾತನ್ನೂ ಕೇಳುವವಳಲ್ಲ. ಈ ನಿಯಮವನ್ನು ಮಾತ್ರ ಆಟದ ಹಾಗೆ ಪ್ರೀತಿಸುತ್ತಿದ್ದಳು.

ಹೆಸರು ಕೂಗಬೇಡಿ, ಎಣಿಕೆ ಕೂಗಿ ಎಂದು ಜೀಪಿನ ಹಿಂದೆ ಓಡಿ ಹೇಳಿದೆ. ಇನ್ಸ್‌ಪೆಕ್ಟರ್ ವೈರ್‌ಲೆಸ್ಸಿನಲ್ಲಿ ಯಾರಿಗೋ ಹೇಳಿದರು: ಓಣಿಯ ಮಕ್ಕಳನ್ನೆಲ್ಲ ಹಗ್ಗದ ಸಮೇತ ಸಾಮಿಲ್ಲಿಗೆ ಕರೆತನ್ನಿ, ಗರಗಸ ನಿಲ್ಲಿಸಿ. ನಾನೂ ಬರುತ್ತೇನೆ ಎಂದೆ. ಬೇಡ, ಇಲ್ಲೇ ಕೂತಿರಿ ಎಂದರು. ಬುಗುರಿಯ ಅಮ್ಮ ನಮ್ಮ ಮಗಳ ಕೈ ಹಿಡಿದುಕೊಂಡು ಜೀಪು ಹತ್ತಿದಳು. ಕೈ ಬಿಗಿಯಾಗಿ ಹಿಡಿದಿದ್ದಳು. ಪ್ರೀತಿಗೋ, ಬಿಟ್ಟರೆ ಈ ಮಗುವೂ ಹೋಗುತ್ತದೆಂದೋ, ನನಗೆ ತಿಳಿಯಲಿಲ್ಲ.

ಈ ಊರಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಆ ಗರಗಸದ ಶಬ್ದ ಇದ್ದೇ ಇರುತ್ತದೆ. ಇರುವಾಗ ಯಾರಿಗೂ ಕೇಳಿಸುವುದಿಲ್ಲ. ಈಗಷ್ಟೇ ಅದು ನಿಂತಿತು. ಪೇದೆಯೂ ತಲೆ ಎತ್ತಿ ನೋಡಿದರು. ಒಂದು ಮಗು ಎರಡು ದಿನ ಅತ್ತಿದ್ದರೂ ಆ ಶಬ್ದದ ಕೆಳಗೆ ಯಾರಿಗೆ ಕೇಳಿಸೀತು? ಈ ಮೌನದಲ್ಲಿ ಈಗ ಹನ್ನೆರಡು ಮಕ್ಕಳು ಒಂದು, ಎರಡು ಎಂದು ಕೂಗುತ್ತಿರಬೇಕು. ಹತ್ತರವರೆಗೆ ಕೂಗಿ ಕಾಯಬೇಕು. ಕಿಟಕಿಯ ಸರಳಿಗೆ ಕಿವಿ ಒತ್ತಿ ನಿಂತಿದ್ದೆ. ಇಲ್ಲಿಗೆ ಕೇಳಿಸುವಷ್ಟು ಹತ್ತಿರವಿಲ್ಲ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಆದರೂ ನಿಂತಿದ್ದೆ.

ಮಗಳನ್ನು ಕರೆದುಕೊಂಡು ಹೋಗಲು ಬರುತ್ತಿದ್ದೀಯ. ಇದನ್ನು ಓದಿದ ಮೇಲೆ ಕರೆದುಕೊಂಡು ಹೋಗು. ನಾನು ಅಡ್ಡ ಬರುವುದಿಲ್ಲ. ಒಂದೇ ಕೇಳಿಕೆ: ಹನ್ನೊಂದು ಎಂದು ಕೂಗಿದ್ದಕ್ಕೆ ಅವಳನ್ನು ಯಾವತ್ತೂ ಬೈಯಬೇಡ. ಗೆಳತಿಯ ಮಾತು ಉಳಿಸಿಕೊಂಡಳು, ಅಷ್ಟೇ. ಎಣಿಸಬೇಕಾಗಿದ್ದವಳು ನಾನು. ಅವಳಿಗೆ ರಾತ್ರಿ ದೀಪ ಬೇಕು, ಆರಿಸಬೇಡ. ಕ್ಲಿಪ್ಪು ಕೊಡೆಯವನ ಡಬ್ಬಿಯಲ್ಲಿದೆ, ಅದು ಸಿಗುವವರೆಗೆ ಕೂದಲಿಗೆ ರಿಬ್ಬನ್ನು ಕಟ್ಟು.

ಇನ್ನೂ ಅವಳ ಅಮ್ಮನೇ ಆಗಿರುವ,
ನಾನು

ಮತ್ತೆ: ಮೂರು ಗಂಟೆ. ಪೇದೆ ವೈರ್‌ಲೆಸ್ಸು ಕಿವಿಗೆ ಹಿಡಿದುಕೊಂಡೇ ಹೇಳಿದರು. ಮೊದಲ ಎರಡು ಸಲ ಹತ್ತು ಅಂದ ಮೇಲೆ ಏನೂ ಕೇಳಿಸಲಿಲ್ಲವಂತೆ. ಮೂರನೇ ಸಲ ಮರದ ಹೊಟ್ಟು ಸುರಿಯುವ ಗುಂಡಿಯ ಕಡೆಯಿಂದ, ಜಾರಿ ಬಿದ್ದ ದಿಮ್ಮಿಗಳ ಹಿಂದಿನಿಂದ, ಬೆಕ್ಕಿನ ಮರಿಯ ಧ್ವನಿಯಲ್ಲಿ ‘ಹನ್ನೊಂದು’ ಎಂದು ಬಂತಂತೆ. ಕಾಲು ಸಿಕ್ಕಿಕೊಂಡಿದೆ. ಉಳಿಯುವುದೋ ಇಲ್ಲವೋ ಆಸ್ಪತ್ರೆಯಲ್ಲಿ ಹೇಳಬೇಕು. ಜೀವ ಇದೆ. ಟೇಪು ಕೈಯಲ್ಲೇ ಇದೆ.

ಪತ್ರವನ್ನು ಮಡಿಸಿದ್ದೆ, ಮತ್ತೆ ಬಿಚ್ಚಿದ್ದೇನೆ. ಮೇಲೆ ಒಂದು ಕಡೆ, ನಡುವೆ ನೀನು ಏನೋ ಕೇಳಿದೆ ಎಂದು ಬರೆದು ದಾಟಿಹೋಗಿದ್ದೇನೆ. ನೀನು ಏನು ಕೇಳಿದೆ ಎಂದು ನಿನಗೂ ನೆನಪಿದೆ, ನನಗೂ ಇದೆ. ಓಣಿಯ ಬಾಯಲ್ಲಿ ಎಣಿಕೆ ನಡೆಯುವಾಗ, ಜಗಳದ ನಡುವೆ, ನೀನು ನಕ್ಕು ಕೇಳಿದೆ: “ಅಲ್ಲ, ನಮ್ಮವಳು ಯಾಕೆ ಎರಡು ಸಲ ಕೂಗಿದಳು?” ಎರಡು ದಿನವಾಯಿತು, ನೀನು ಅದನ್ನು ಯಾರಿಗೂ ಹೇಳಿಲ್ಲ. ನನ್ನನ್ನು ಉಳಿಸಲೆಂದೋ, ಕೋರ್ಟಿನಲ್ಲಿ ಬೇಕಾಗುತ್ತದೆಂದೋ, ಕೇಳುವುದಿಲ್ಲ. ಇನ್ನು ಮುಚ್ಚಿಡುವ ಅಗತ್ಯವಿಲ್ಲ. ಇನ್ಸ್‌ಪೆಕ್ಟರ್ ಬಂದ ಮೇಲೆ ನಾನೇ ಹೇಳುತ್ತೇನೆ. ಕೊಡೆಯವನು ಹೇಳುವ ಮೊದಲೇ, ನೀನು ಕೇಳುವ ಮೊದಲೇ, ನನಗೆ ಅದು ಕೇಳಿಸಿತ್ತು.